ಟವಲ್ಲಿಗೆ ಕಾಲಿಲ್ಲ

ಪಂಪಣ್ಣ ಮಾಮನ ಕೊರಳಲ್ಲಿ ಕಂಡಕ್ಟರ್ ವಿಸಿಲ್ಲು ರಿಟೈರ್ ಆದ ಮೇಲೂ ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ತೆಗೆದು ಮೊಳೆಗೆ ಹಾಕುತ್ತಿದ್ದರಂತೆ, ಅದೂ ಹೆಂಡತಿ ಬೈದು ಬೈದು ಸಾಕಾದ ಮೇಲೆ. ಹೊಸಪೇಟೆ–ಕಂಪ್ಲಿ ರೂಟಿನ ಸರ್ಕಾರಿ ಬಸ್ಸಿನಲ್ಲಿ ಅರ್ಧ ಆಯುಷ್ಯ ನಿಂತೇ ಕಳೆದ ಮನುಷ್ಯ. ಮಾತಿಗಿಂತ ಮೊದಲು ವಿಸಿಲ್ಲು ಬಾಯಿಗೆ ಬರುತ್ತಿತ್ತು. ರಸ್ತೆಗೆ ಎಮ್ಮೆ ಅಡ್ಡ ಬಂದರೆ ಊದುತ್ತಿದ್ದರು. ಮದುವೆ ಊಟಕ್ಕೆ ಕೂತಾಗ ಸಾರು ಬರುವುದು ತಡವಾದರೆ ಅದಕ್ಕೂ ಊದುತ್ತಿದ್ದರು. ಒಂದು ಸಲ ಕಂಪ್ಲಿಯಲ್ಲಿ ನಮ್ಮ ಸಂಬಂಧಿಕರ ಮದುವೆಯಲ್ಲಿ ಹಾಗೆ ಊದಿದಾಗ ಬಡಿಸುವವನು ಗಾಬರಿಯಾಗಿ ಬಕೆಟ್ಟು ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟಿದ್ದ. ಆ ಪಂಕ್ತಿಗೆ ಸಾರು ಬಂದದ್ದು ಇನ್ನೂ ತಡವಾಗಿ.

ಇನ್ನು ಟವಲ್ಲು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಮುಖ ಒರೆಸುವ ಟವಲ್ಲಲ್ಲ. ಅದು ನೀಲಿ ಅಂಚಿನದೊಂದು ಸದಾ ಅವರ ಹೆಗಲ ಮೇಲೇ ಇರುತ್ತಿತ್ತು. ಜಾಗ ಹಿಡಿಯುವ ಟವಲ್ಲು. ನಮ್ಮ ಕಡೆ ಬಸ್ಸು ಸ್ಟ್ಯಾಂಡಿಗೆ ತಿರುಗಿದ್ದೇ ತಡ, ಜನ ಕಿಟಕಿಯಿಂದ ಟವಲ್ಲು ಒಗೆದು ಸೀಟು ಹಿಡಿಯುತ್ತಾರೆ. ಆಮೇಲೆ ಆರಾಮಾಗಿ ಚಾ ಕುಡಿದು, ಊರ ಸುದ್ದಿ ಮುಗಿಸಿ, ಬಸ್ಸು ಅಲುಗಾಡಿದ ಮೇಲೆ ಹತ್ತಿ, ಅಲ್ಲಿ ಕೂತವರನ್ನು "ಟವಲ್ ಹಾಕೀನ್ರೀ, ಏಳ್ರಿ" ಎಂದು ಎಬ್ಬಿಸುತ್ತಾರೆ. ಎದ್ದವರೂ ತಕರಾರು ಮಾಡುವುದಿಲ್ಲ. ಟವಲ್ಲಿಗೆ ನಮ್ಮಲ್ಲಿ ಅಷ್ಟು ಮರ್ಯಾದೆ. ಪಂಪಣ್ಣ ಮಾಮನ ಬಸ್ಸಿನಲ್ಲಿ ಮಾತ್ರ ಅದು ನಡೆಯುತ್ತಿರಲಿಲ್ಲ. ಹೊರಡುವ ವಿಸಿಲ್ ಆಗುವಾಗ ಸೀಟಿನಲ್ಲಿ ಮನುಷ್ಯರಿರಬೇಕು. ಇಲ್ಲದಿದ್ದರೆ ಟವಲ್ಲನ್ನು ಮಡಿಸಿ ಡ್ರೈವರ್ ಹಿಂದಿನ ಪೆಟ್ಟಿಗೆ ಮೇಲೆ ಇಟ್ಟು, ನಿಂತವರಲ್ಲಿ ಮೊದಲು ಹತ್ತಿದವರನ್ನು ಕರೆದು ಕೂರಿಸುತ್ತಿದ್ದರು. ಜಗಳಕ್ಕೆ ಬಂದವರಿಗೆ ಒಂದೇ ಮಾತು: "ಟವಲ್ಲಿಗೆ ಕಾಲಿಲ್ರಿ. ಅದು ನಿಂತ್ರೂ ನೋಯಂಗಿಲ್ಲ."

ಯಾಕೆ ಅಷ್ಟು ಸಿಟ್ಟು ಎಂದು ಕೇಳಿದಾಗಲೆಲ್ಲ ಬೇರೆ ಬೇರೆ ಕಾರಣ ಹೇಳುತ್ತಿದ್ದರು. ಒಮ್ಮೆ, ಬಸುರಿ ಹೆಂಗಸೊಬ್ಬಳು ಕಮಲಾಪುರದಿಂದ ಕಂಪ್ಲಿ ಮಟ ನಿಂತು ಬಂದಳು, ಪಕ್ಕದಲ್ಲಿ ಟವಲ್ಲು ಕೂತು ಬಂತು ಎಂದರು. ಇನ್ನೊಮ್ಮೆ, ಯಾರದೋ ಟವಲ್ಲಿನ ಕೆಳಗೆ ಟೊಮೆಟೊ ಇದ್ದವು, ಗೊತ್ತಿಲ್ಲದೆ ಕೂತುಬಿಟ್ಟೆ ಎಂದರು. ಎರಡೂ ನಿಜವಿರಬಹುದು. ನಾನು ಎರಡನೆಯದನ್ನೇ ಹೆಚ್ಚು ನಂಬಿದ್ದೇನೆ.

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ, ಕಡ್ಡಿರಾಂಪುರ ಇನ್ನೂ ಸ್ವಲ್ಪ ದೂರ ಇರುವಾಗ, ಒಂದು ತಗಡಿನ ಶೆಡ್ಡು ಇದೆ. ಒಂದು ಕಾಲಕ್ಕೆ ಅದು ಬೆಲ್ಲದ ಗೋಡೌನು. ಬೆಲ್ಲ ಹೋಗಿ ಬ್ಯಾಡ್ಮಿಂಟನ್ ಬಂದರೂ ವಾಸನೆ ಹೋಗಿರಲಿಲ್ಲ. ಬೇಸಿಗೆಯಲ್ಲಿ ಇರುವೆಗಳು ಕೋರ್ಟಿನ ಬಿಳಿ ಗೆರೆ ಹಿಡಿದು ಸಾಲಾಗಿ ಬರುತ್ತಿದ್ದವು, ಅವೂ ಆಟಕ್ಕೆ ಹೆಸರು ಕೊಟ್ಟಿವೆ ಎಂದು ನಾವು ನಗುತ್ತಿದ್ದೆವು. ಇದ್ದದ್ದು ಒಂದೇ ಕೋರ್ಟು. ಬೆಳಿಗ್ಗೆ ಆಡಲು ಬರುವವರು ಮಾತ್ರ ಊರು ತುಂಬ: ಡಾಕ್ಟರು, ಬ್ಯಾಂಕಿನವರು, ಗೆಸ್ಟ್ ಹೌಸಿನವರು, ಸಂಡೂರಿನಿಂದ ಕಾರು ಮಾಡಿಕೊಂಡು ಬರುವ ಲಾರಿ ಮಾಲೀಕರು. ಬೆಳಗಿನ ಜಾವ ಏಳುವ ಚಟ ಇದ್ದದ್ದರಿಂದ ಶೆಡ್ಡಿನ ಯಜಮಾನರು ಕೀಲಿಕೈಯನ್ನು ಪಂಪಣ್ಣ ಮಾಮನ ಕೈಗೆ ಕೊಟ್ಟರು. ಅಲ್ಲಿಗೂ ಜನ ಬಂದು ಬೆಂಚಿನ ಮೇಲೆ ಟವಲ್ಲು ಹಾಕಿ ಚಾ ಅಂಗಡಿಗೆ ಹೋಗುತ್ತಿದ್ದರು. ಬಸ್ಸಿನ ಕಾನೂನು ಮಾರನೆಯ ದಿನವೇ ಶೆಡ್ಡಿಗೂ ಬಂತು. ಆಟದ ಸರದಿ ಬೇಕಾದವರು ಬೆಂಚಿನ ಮೇಲೆ ಶೂ ಹಾಕಿಕೊಂಡು ಕೂತಿರಬೇಕು. ವಿಸಿಲ್ ಆದಾಗ ಯಾರು ಕೂತಿದ್ದಾರೋ ಅವರದು ಕೋರ್ಟು. ಮಾಮ ತಾವೂ ಹಾಗೇ ಕೂತು ದಿನಕ್ಕೊಂದು ಪಾಳಿ ಆಡುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಸ್ಕೂಲು ಹುಡುಗಿಯಾಗಿದ್ದಾಗ. ನಮ್ಮ ಊರು ಕಂಪ್ಲಿ ತಾಲೂಕಿನ ಮೆಟ್ರಿ, ಅಜ್ಜಿ ಈಗಲೂ ಅಲ್ಲೇ ಭತ್ತದ ಗದ್ದೆ ನೋಡಿಕೊಂಡಿದ್ದಾಳೆ. ಅಪ್ಪನಿಗೆ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ ಸಿಕ್ಕಿ ನಾವು ಹೊಸಪೇಟೆಗೆ ಬಂದು, ಶೆಡ್ಡಿನ ಹಿಂದಿನ ಸಾಲಿನಲ್ಲಿ ಮನೆ ಮಾಡಿದ್ದೆವು. ಪಂಪಣ್ಣ ಮಾಮನ ಮನೆ ಪಕ್ಕದ್ದೇ. ದಿನಾ ಬೆಳಿಗ್ಗೆ ಶಟಲ್ ಹೊಡೆಯುವ ಸದ್ದಿಗೇ ನನಗೆ ಎಚ್ಚರವಾಗುತ್ತಿತ್ತು. ಒಂದು ದಿನ ಸ್ಕೂಲಿನ ರಾಕೆಟ್ ಹಿಡಿದು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಯಾರೂ ನನ್ನ ಕಡೆ ನೋಡಲಿಲ್ಲ. ಬೆಂಚಿನ ಮೊದಲ ಜಾಗದಲ್ಲಿ ದಪ್ಪನೆಯ ಬಿಳಿ ಟವಲ್ಲೊಂದು ಹಾಯಾಗಿ ಮಲಗಿತ್ತು. ಸಂಡೂರಿನ ತಿಪ್ಪೇಸ್ವಾಮಿಯವರದು. ಅದಿರಿನ ಲಾರಿಗಳ ದೊಡ್ಡ ಮಾಲೀಕರು, ಹೊರಗೆ ಫೋನಿನಲ್ಲಿ ಯಾವುದೋ ಡ್ರೈವರನಿಗೆ ಬೈಯುತ್ತಿದ್ದರು.

ವಿಸಿಲ್ ಆಯಿತು. ಪಂಪಣ್ಣ ಮಾಮ ಟವಲ್ಲನ್ನು ಮಡಿಸಿ ಕಿಟಕಿಯಲ್ಲಿಟ್ಟು ನನ್ನ ಕಡೆ ನೋಡಿದರು.

"ಬಾ ಯವ್ವಾ, ನಿಂದ ಪಾಳಿ."

ತಿಪ್ಪೇಸ್ವಾಮಿ ಓಡಿ ಬಂದರು. "ಏನ್ರೀ ಪಂಪಣ್ಣ, ನನ್ನ ಟವಲ್ಲಿತ್ತಲ್ರಿ."

"ಇತ್ರಿ. ಇಲ್ಲೇ ಐತಿ ನೋಡ್ರಿ. ಅದಕ್ಕ ಶೂ ಇದ್ದಿದ್ದಿಲ್ಲ."

ಶೆಡ್ಡೆಲ್ಲ ನಕ್ಕಿತು. ತಿಪ್ಪೇಸ್ವಾಮಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅವರೂ ನಕ್ಕರು, ನನ್ನ ನಂತರದ ಪಾಳಿಗೆ ಶೂ ಕಟ್ಟಿಕೊಂಡು ಮೊದಲ ಜಾಗದಲ್ಲೇ ಕೂತರು. ಅವತ್ತು ನಾನು ಆಡಿದ್ದು ಬ್ಯಾಂಕಿನ ಮೇಡಂ ಒಬ್ಬರ ಜೊತೆ, ಒಂದು ಶಟಲ್ಲೂ ನೆಟ್ಟಗೆ ದಾಟಲಿಲ್ಲ. ಆದರೂ ಮನೆಗೆ ಬರುವಾಗ ನಾನು ಯಾವುದೋ ದೊಡ್ಡ ಕಪ್ಪು ಗೆದ್ದವಳ ಹಾಗೆ ನಡೆದೆ ಎಂದು ಅಮ್ಮ ಈಗಲೂ ಆಡಿಕೊಳ್ಳುತ್ತಾಳೆ.

ಆಡುತ್ತ ಆಡುತ್ತ ಜಿಲ್ಲೆ ಆಯಿತು, ರಾಜ್ಯ ಆಯಿತು. ಕಾಲೇಜು ಮೆಟ್ಟಿಲು ಹತ್ತುವ ಹೊತ್ತಿಗೆ ನನಗೆ ಬೇಕಾದದ್ದು ಒಂದೇ ಆಗಿತ್ತು: ಒಂದು ಅಂತರರಾಷ್ಟ್ರೀಯ ಪಂದ್ಯಾವಳಿಯ ಮೇನ್ ಡ್ರಾದಲ್ಲಿ, ಅಂದರೆ ಮುಖ್ಯ ಸುತ್ತಿನ ಪಟ್ಟಿಯಲ್ಲಿ, ನನ್ನ ಹೆಸರು. ಗೆಲ್ಲುವುದು ಆಮೇಲಿನ ಮಾತು. ಹೆಸರು ಕೊಡುವುದಕ್ಕೇನು, ಯಾರು ಬೇಕಾದರೂ ಕೊಡಬಹುದು. ಜಾಗ ಇರುವುದು ಕೆಲವರಿಗೆ ಮಾತ್ರ. ಹೆಸರು ಕೊಟ್ಟವರನ್ನೆಲ್ಲ ವಿಶ್ವ ರ‍್ಯಾಂಕಿಂಗ್ ಪ್ರಕಾರ ಸಾಲಾಗಿ ಇಡುತ್ತಾರೆ. ಮೇಲಿನವರು ನೇರ ಮೇನ್ ಡ್ರಾಕ್ಕೆ. ಅವರ ಕೆಳಗಿನ ಕೆಲವರು ಅರ್ಹತಾ ಸುತ್ತಿಗೆ, ಅಲ್ಲಿ ಗೆದ್ದರೆ ಮೇನ್ ಡ್ರಾ. ಅದಕ್ಕೂ ಕೆಳಗಿನವರು ರಿಸರ್ವ್. ಮೇಲೆ ಯಾರಾದರೂ ಹೆಸರು ವಾಪಸ್ ತೆಗೆದುಕೊಂಡರೆ ಕೆಳಗಿನವರು ಒಂದೊಂದೇ ಮೆಟ್ಟಿಲು ಮೇಲೆ ಬರುತ್ತಾರೆ. ನಾನು ವರ್ಷಗಟ್ಟಲೆ ಆ ರಿಸರ್ವ್ ಸಾಲಿನಲ್ಲಿ, ಕಾಯುವವರ ಜೊತೆ ಕಾಯುತ್ತಿದ್ದೆ.

ಇದನ್ನೆಲ್ಲ ಪಂಪಣ್ಣ ಮಾಮನಿಗೆ ಬಿಡಿಸಿ ಹೇಳಿದ ದಿನ ಅವರ ಮುಖ ನೋಡಬೇಕಿತ್ತು. "ಅಯ್ಯ, ಇದು ನಮ್ಮ ಬಸ್ಸಲ್ಲೇನವ್ವ" ಎಂದರು. ಅವತ್ತಿನಿಂದ ಅವರಿಗೆ ಅದೇ ಹುಚ್ಚು. ಫೋನಿನಲ್ಲಿ ಪಟ್ಟಿ ತೆಗೆದುಕೊಡು ಎಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಇಳಿಸಿ, ಬೆರಳಿನಿಂದ ಮೇಲೆ ಕೆಳಗೆ ತಳ್ಳಿ, ಅರ್ಧ ತಪ್ಪು ಓದುತ್ತಿದ್ದರು. ರ‍್ಯಾಂಕಿಂಗು ಚಿಕ್ಕದಾದಷ್ಟೂ ಮೇಲು ಎಂಬುದು ಅವರ ತಲೆಗೆ ಹೋಗಲು ಭಾಳ ದಿನ ಹಿಡಿಯಿತು. ನನ್ನ ರ‍್ಯಾಂಕು ಕುಸಿದಾಗೊಮ್ಮೆ ಓಣಿಗೆಲ್ಲ ಪೇಡೆ ಹಂಚಿದ ಪುಣ್ಯಾತ್ಮ.

ಒಲಿಂಪಿಕ್ಸ್ ಹತ್ತಿರ ಬಂದಾಗಂತೂ ಶೆಡ್ಡಿನಲ್ಲಿ ದಿನಾ ವಾದ. ಅಲ್ಲಿ ಒಂದು ದೇಶಕ್ಕೆ ಹೆಚ್ಚೆಂದರೆ ಇಬ್ಬರು ಎಂದು ಮಿತಿ ಇದೆ. ಆ ದೇಶದ ಕೋಟಾ ತುಂಬಿದರೆ ಮೂರನೆಯವಳು ಎಷ್ಟೇ ಚೆನ್ನಾಗಿ ಆಡಲಿ, ಅವಳನ್ನು ದಾಟಿ ಜಾಗ ಕೆಳಗಿನ ಬೇರೆ ದೇಶದವಳಿಗೆ ಹೋಗುತ್ತದೆ. ಯಾವ ಖಂಡವೂ ಖಾಲಿ ಉಳಿಯಬಾರದು ಎಂದು ಕೆಲವರಿಗೆ ಜಾಗ ಕಾದಿಡುತ್ತಾರೆ. ಯಾರಾದರೂ ತಮಗೆ ಬಂದ ಜಾಗ ಬೇಡವೆಂದರೆ ಅದು ಮತ್ತೆ ಸಾಲಿನಲ್ಲಿ ಮುಂದಿನವರಿಗೆ. ತಿಪ್ಪೇಸ್ವಾಮಿಯವರಿಗೆ ಇದು ಅನ್ಯಾಯ ಅನಿಸಿತ್ತು.

"ಚಲೋ ಆಡಾಕಿ ಮನ್ಯಾಗ ಕುಂದ್ರಬೇಕು, ಎಲ್ಲೋ ಕೆಳಗ ಇರಾಕಿ ಹೋಗಬೇಕು. ಇದ್ಯಾವ ನ್ಯಾಯ್ರಿ?"

"ಸಾವ್ಕಾರ್ರ, ನಾ ಲೇಡೀಸ್ ಸೀಟಿನಿಂದ ಗಂಡಸ್ರನ್ನ ಎಬ್ಬಿಸಿ ಎಬ್ಬಿಸಿ ರಿಟೈರ್ ಆದಾಂವ" ಎಂದರು ಪಂಪಣ್ಣ ಮಾಮ. "ನನಗ ಈ ಪ್ರಶ್ನೆ ಕೇಳಬ್ಯಾಡ್ರಿ."

ತಿಪ್ಪೇಸ್ವಾಮಿ ಒಪ್ಪಲಿಲ್ಲ. ಕೊನೆಯವರೆಗೂ ಒಪ್ಪಲಿಲ್ಲ. ನನಗೂ ಆ ವಿಷಯದಲ್ಲಿ ಅರ್ಧ ಅವರ ಕಡೆಗೇ ಮನಸ್ಸಿದೆ, ಮಾಮನ ಮುಂದೆ ಹೇಳಿರಲಿಲ್ಲ ಅಷ್ಟೇ.

ಒಂದು ವರ್ಷ ಗೋವಾದಲ್ಲೊಂದು ಪಂದ್ಯಾವಳಿಗೆ ನನ್ನ ಹೆಸರು ರಿಸರ್ವಿನ ಮೇಲಿನ ಸಾಲಿಗೆ ಬಂದಿತ್ತು. ಮೇನ್ ಡ್ರಾಕ್ಕಲ್ಲ, ಅರ್ಹತಾ ಸುತ್ತಿನ ರಿಸರ್ವ್. ಜಾಗ ಸಿಕ್ಕರೆ ಫೋನ್ ಬರುತ್ತೆ, ಆಗ ಹೋದರಾಯಿತು ಎಂದು ನಾನು ಮನೆಯಲ್ಲೇ ಇದ್ದೆ. ಪಂಪಣ್ಣ ಮಾಮ ಬಂದು ನಿಂತರು.

"ಬಸ್ ಸ್ಟ್ಯಾಂಡಿಗೆ ಹೋಗದ ಸೀಟ್ ಸಿಗತೈತೇನು? ಅಲ್ಲಿ ಹೋಗಿ ಶೂ ಹಾಕ್ಕೊಂಡು ಕುಂದ್ರು. ಜಾಗ ಕೊಡಾದು ಬಿಡಾದು ಅವರಿಗೆ ಬಿಟ್ಟಿದ್ದು."

ಹಾಗೆ ಅಮ್ಮ, ನಾನು, ಅವರು ವಾಸ್ಕೋ ರೈಲು ಹತ್ತಿದೆವು. ಅಮ್ಮ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡಿದ್ದಳು. ಆಟದ ಹಾಲ್ ಬಾಗಿಲಲ್ಲಿ ಒಂದು ಮೇಜು, ಹಿಂದೆ ರೆಫ್ರಿ ಮೇಡಂ, ಮುಂದೆ ಸಾಲು ಕುರ್ಚಿ. ರಿಸರ್ವಿನವರು ಬಂದು ನಾವಿಲ್ಲಿದ್ದೇವೆ ಎಂದು ಸಹಿ ಹಾಕಬೇಕು. ಆಟ ಶುರುವಾಗುವ ಮೊದಲು ಯಾರಾದರೂ ಕೈಕೊಟ್ಟರೆ, ಬಂದು ಸಹಿ ಹಾಕಿದವರಲ್ಲಿ ಮೇಲಿನವರಿಗೆ ಆ ಜಾಗ. ನಾನು ಸಹಿ ಹಾಕಿದೆ. "ನೀ ಹೋಗಿ ಮೈ ಬೆಚ್ಚಗ ಮಾಡ್ಕೊ, ನಾ ಇಲ್ಲಿ ನೋಡ್ಕೋತೀನಿ" ಎಂದರು ಮಾಮ.

ನಾನು ವಾಪಸ್ ಬಂದಾಗ ಮೊದಲ ಕುರ್ಚಿಯ ಮೇಲೆ ಒಂದು ಟವಲ್ಲು ಹಾಸಿತ್ತು. ನೀಲಿ ಅಂಚಿನದು. ಪಕ್ಕದಲ್ಲಿ ಉತ್ತರದ ಕಡೆಯ ಎತ್ತರದ ಹುಡುಗಿಯೊಬ್ಬಳು, ನನ್ನ ಕೆಳಗಿನ ರಿಸರ್ವ್, ಬ್ಯಾಗು ಹೊತ್ತು ನಿಂತಿದ್ದಳು. ಬೇರೆ ಕುರ್ಚಿಗಳೆಲ್ಲ ತುಂಬಿದ್ದವು. ಈ ಟವಲ್ಲು ಯಾರದು ಎಂದು ರೆಫ್ರಿ ಮೇಡಂ ಹಿಂದಿಯಲ್ಲಿ ಕೇಳುತ್ತಿದ್ದರು. ಅಷ್ಟರಲ್ಲಿ ಪಂಪಣ್ಣ ಮಾಮ ಬಚ್ಚಲ ಕಡೆಯಿಂದ ಒದ್ದೆ ಕೈ ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದರು. ಟವಲ್ಲು ನೋಡಿದರು, ನಿಂತ ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಅಷ್ಟು ಕೆಂಪಾದದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಟವಲ್ಲು ಕಿತ್ತುಕೊಂಡು, ಅದರಿಂದಲೇ ಕುರ್ಚಿ ಜಾಡಿಸಿ, "ಬೈಠೋ ಬೇಟಿ, ಬೈಠೋ" ಎಂದು ಅವಳನ್ನು ಕೂರಿಸಿದರು.

ಕುರ್ಚಿಗೂ ಪಟ್ಟಿಗೂ ಸಂಬಂಧವೇ ಇರಲಿಲ್ಲ ಎನ್ನುವುದು ಬೇರೆ ಮಾತು. ನನಗಿಂತ ಮೇಲಿದ್ದವರಲ್ಲಿ ಒಬ್ಬಳಿಗೆ ಮೊದಲೇ ಜಾಗ ಸಿಕ್ಕಿತ್ತು, ಇನ್ನೊಬ್ಬಳು ಫೋನ್ ಕಾಯುತ್ತ ತನ್ನ ಊರಲ್ಲೇ ಉಳಿದಿದ್ದಳು. ಅರ್ಹತಾ ಸುತ್ತಿನ ಒಬ್ಬಳಿಗೆ ಜ್ವರ ಬಂತು, ಮೇಡಂ ನನ್ನ ಹೆಸರು ಕೂಗಿದರು. ಆಡಿದೆ, ಒಂದು ಗೇಮ್ ಗೆದ್ದೆ, ಎರಡು ಸೋತೆ. ಮೇನ್ ಡ್ರಾ ಇನ್ನೂ ದೂರವೇ ಉಳಿಯಿತು. ಆದರೂ ನನ್ನ ಹೊಟ್ಟೆ ತುಂಬಿತ್ತು. ವಾಪಸ್ ಬರುವಾಗ ರೈಲಿನಲ್ಲಿ ಮಾಮ ಹೆಗಲ ಮೇಲಿನ ಟವಲ್ಲು ತೆಗೆದು ಮಡಿಸಿ ಬ್ಯಾಗಿನೊಳಗೆ ತುರುಕಿದರು.

"ನಾನೂ ಹಾಕಿಬಿಟ್ಟೆನಲ್ಲವ್ವ" ಎಂದರು. "ನಿನಗ ಎಲ್ಲಿ ತಪ್ಪತೈತೋ ಅಂತ ಕೈ ತಾನ ಹೋತು ನೋಡು. ಯಾರಿಗೂ ಹೇಳಬ್ಯಾಡ. ಆ ತಿಪ್ಪೇಸ್ವಾಮಿಗಂತೂ ಹೇಳಲೇಬ್ಯಾಡ."

ಮಾರನೆಯ ದಿನ ಬೆಳಿಗ್ಗೆ ನಾನು ಮೊದಲು ಹೇಳಿದ್ದೇ ತಿಪ್ಪೇಸ್ವಾಮಿಗೆ. ಅವರು ಮೂರು ದಿನ ಶೆಡ್ಡಿಗೆ ಬರುವಾಗಲೆಲ್ಲ ಕೈಯಲ್ಲಿ ಟವಲ್ಲು ಹಿಡಿದು, "ಪಂಪಣ್ಣ, ಇದನ್ನೆಲ್ಲಿ ಹಾಸ್ಲಿರಿ?" ಎಂದು ಕೇಳುತ್ತಿದ್ದರು. ಮಾಮ ನನ್ನ ಕಡೆ ಕಣ್ಣು ಬಿಟ್ಟರೇ ಹೊರತು ಬೈಯಲಿಲ್ಲ.

ಆಮೇಲೆ ಇನ್ನೊಂದಿಷ್ಟು ಪಂದ್ಯ, ಇನ್ನೊಂದಿಷ್ಟು ರೈಲು. ರ‍್ಯಾಂಕು ನಿಧಾನ ಮೇಲೆ ಬಂತು. ಒಂದು ದಿನ ಪಟ್ಟಿ ತೆರೆದರೆ ಕೊಲಂಬೊದ ಪಂದ್ಯಾವಳಿಯಲ್ಲಿ ನನ್ನ ಹೆಸರು ನೇರ ಮೇನ್ ಡ್ರಾದಲ್ಲಿತ್ತು, ಅದೂ ಕಟ್ಟಕಡೆಯ ಜಾಗದಲ್ಲಿ. ಅಮ್ಮ ಅತ್ತಳು. ಅಪ್ಪ ಕಾರ್ಖಾನೆಯ ಗೇಟಿನಲ್ಲಿ ಕಂಡಕಂಡವರಿಗೆಲ್ಲ ಹೇಳಿದ. ಅಜ್ಜಿ ಮೆಟ್ರಿಯಲ್ಲಿ, ನಮ್ಮ ರೇಣಿ ಸಮುದ್ರ ದಾಟ್ತಾಳ ಎಂದು ಓಣಿ ತುಂಬ ಸಾರಿ, ಬೀಳ್ಕೊಡಲು ಟ್ರ್ಯಾಕ್ಟರಿನಲ್ಲಿ ಬರುವುದೆಂದು ತೀರ್ಮಾನ ಮಾಡಿದ್ದಳು.

ಹೊರಡಲು ಕೆಲವು ವಾರ ಇರುವಾಗ ಶೆಡ್ಡಿನಲ್ಲಿ ಹಿಂದೆ ಸರಿಯುತ್ತ ಬಿದ್ದಿದ್ದ ಶಟಲ್ಲಿನ ಮೇಲೆ ಕಾಲಿಟ್ಟೆ. ಪಾದ ಹೊರಳಿತು. ಕುಂಬಳಕಾಯಿಯಷ್ಟು ಬಾತಿತು. ಮೂಳೆ ಮುರಿದಿಲ್ಲ, ಆದರೆ ಒಂದೆರಡು ತಿಂಗಳು ಆಟದ ಮಾತೇ ಎತ್ತಬೇಡ ಎಂದರು ನಮ್ಮ ಶೆಡ್ಡಿನ ಡಾಕ್ಟರೇ. ಹೆಸರು ವಾಪಸ್ ತೆಗೆಯಲು ಒಂದು ಕಡೆಯ ದಿನ ಇರುತ್ತದೆ. ಅದರೊಳಗೆ ತೆಗೆದರೆ ಕೆಳಗಿನವರು ಮೇಲೆ ಬರುತ್ತಾರೆ, ಅವರಿಗೆ ಟಿಕೆಟ್ಟು ವೀಸಾ ಮಾಡಿಕೊಳ್ಳಲು ಪುರಸೊತ್ತು ಸಿಗುತ್ತದೆ. ಅದು ದಾಟಿದರೆ ಆ ಜಾಗ ಯಾರಿಗೂ ದಕ್ಕದೆ ಹಾಳಾಗಬಹುದು. ನಾನು ತೆಗೆಯುವುದಿಲ್ಲ ಎಂದು ಹಟ ಹಿಡಿದೆ. ಕೋರ್ಟಿಗೆ ಇಳಿದು ಒಂದು ಪಾಯಿಂಟ್ ಆಡಿ ಕೈ ಎತ್ತಿದರೂ ಮೇನ್ ಡ್ರಾ ಆಡಿದ ಹಾಗೇ ಲೆಕ್ಕ, ರ‍್ಯಾಂಕಿಂಗ್ ಅಂಕವೂ ಸಿಗುತ್ತದೆ. ಎಷ್ಟೋ ಜನ ಹಾಗೆ ಮಾಡುತ್ತಾರೆ. ಕಾನೂನಿನಲ್ಲಿ ತಪ್ಪೇನಿಲ್ಲ.

ಕಡೆಯ ದಿನಕ್ಕೆ ಒಂದು ದಿನ ಮೊದಲು, ಮಧ್ಯಾಹ್ನ ಊಟದ ಹೊತ್ತಿಗೆ ಪಂಪಣ್ಣ ಮಾಮ ಮನೆಗೆ ಬಂದರು. ಮಂಚದ ಮೇಲೆ ಕಾಲು ಚಾಚಿ ಕೂತಿದ್ದೆ. ಅವರು ಕಾಲನ್ನೇ ನೋಡಿದರು.

"ಆಡಾಕ ಆಗತೈತೇನು?"

"ಒಂದು ಪಾಯಿಂಟ್ ಆಡಿ ಬಿಡ್ತೀನ್ರಿ ಮಾಮಾ."

"ಒಂದು ಪಾಯಿಂಟಿಗೆ ನೀ ಯಾಕ ಬೇಕು? ಟವಲ್ ಕಳಿಸು, ಸಾಕು."

ನನಗೆ ಮೈಯೆಲ್ಲ ಉರಿಯಿತು. ಅಡುಗೆಮನೆಯಿಂದ ಅಮ್ಮ ಬಂದಳು. "ಎಷ್ಟು ವರ್ಷ ಕಾದಾಳ್ರಿ ಆಕಿ. ನಿಮ್ಮ ಮಗಳಾಗಿದ್ರ ಹಿಂಗ ಹೇಳ್ತಿದ್ರೇನ್ರಿ ಅಣ್ಣಾ?"

"ನನ್ನ ಮಗಳಾಗಿದ್ರ ನಿನ್ನಿ ದಿನಾನ ಹೇಳ್ತಿದ್ದೆ ತಂಗಿ" ಎಂದರು ಮಾಮ. "ಪಕ್ಕದ ಮನಿಯಾಕಿ ಅಂತ ಒಂದು ದಿನ ತಡದೆ."

ಅಮ್ಮ ಅಳುವುದೋ ನಗುವುದೋ ಗೊತ್ತಾಗದೆ ಒಳಗೆ ಹೋದಳು. ಮಾಮ ನನ್ನ ಫೋನು ಕೈಗೆ ಕೊಟ್ಟರು.

"ನಿನ್ನ ಕೆಳಗ ಯಾರದಾರ, ಓದು."

ಬೇಡದ ಮನಸ್ಸಿನಿಂದ ಓದಿದೆ. ಯಾವುದೋ ಪುಟ್ಟ ದ್ವೀಪದ ಹುಡುಗಿ. ಹೆಸರು ನನ್ನ ಬಾಯಲ್ಲಿ ಸರಿಯಾಗಿ ಹೊರಳಲಿಲ್ಲ. ಮಾಮ ಅದನ್ನು ಒಂದೆರಡು ಸಲ ಹೇಳಿ ನೋಡಿದರು, ಅವರಿಗೂ ಹೊರಳಲಿಲ್ಲ.

"ಆಕಿ ಎಲ್ಲೋ ಶೂ ಹಾಕ್ಕೊಂಡು ಕುಂತಿರ್ತಾಳ, ರೇಣವ್ವ" ಎಂದು ಎದ್ದು ಹೋದರು.

ಅವತ್ತು ಸಂಜೆ ಅವರು ಕಟ್ಟೆಗೆ ಬಂದಾಗ ನಾನು ಬಾಗಿಲು ಹಾಕಿಕೊಂಡೆ. ನನಗೆ ಅವರ ಮೇಲೆ ಇದ್ದ ಸಿಟ್ಟು ಸಣ್ಣದಲ್ಲ. ಊರಿನ ನ್ಯಾಯವನ್ನೆಲ್ಲ ನನ್ನ ಒಂದೇ ಕಾಲಿನ ಮೇಲೆ ಹೊರಿಸಬೇಕೇ ಈ ಮುದುಕ ಅನಿಸಿತ್ತು. ಆದರೆ ಕಣ್ಣು ಮುಚ್ಚಿದರೆ ಗೋವಾದಲ್ಲಿ ಕುರ್ಚಿಯ ಪಕ್ಕ ಬ್ಯಾಗು ಹೊತ್ತು ನಿಂತಿದ್ದ ಆ ಎತ್ತರದ ಹುಡುಗಿಯೇ ಕಾಣುತ್ತಿದ್ದಳು. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ, ಹೆಸರು ತೆಗೆಯಿರಿ ಎಂದು ಬ್ಯಾಡ್ಮಿಂಟನ್ ಸಂಘಕ್ಕೆ ಬರೆದೆ. ಮಧ್ಯಾಹ್ನದ ಹೊತ್ತಿಗೆ ಪಟ್ಟಿಯಲ್ಲಿ ನನ್ನ ಹೆಸರು ಹೋಗಿ ಅವಳದು ಅಲ್ಲಿಗೆ ಬಂದಿತ್ತು. ಜೋರಾಗಿ ಅತ್ತೆ. ಅಜ್ಜಿಗೆ ಫೋನ್ ಮಾಡಿ ಟ್ರ್ಯಾಕ್ಟರು ಬೇಡ ಎಂದು ಹೇಳುವ ಕೆಲಸ ಅಪ್ಪನ ಪಾಲಿಗೆ ಬಂತು.

ಆ ಹುಡುಗಿ ಮೊದಲ ಸುತ್ತಿನಲ್ಲೇ ಸೋತಳು. ನೋಡಿ, ಆಗ ಇನ್ನೊಮ್ಮೆ ಸಿಟ್ಟು ಬಂತು ನನಗೆ. ಕುಂಟುತ್ತ ಶೆಡ್ಡಿಗೆ ಹೋಗಿ, "ನನ್ನ ಜಾಗದಾಗ ಹೋಗಿ ಸೋತು ಬಂದಾಳ್ರಿ ಮಾಮಾ" ಎಂದೆ. ಬಾಗಿಲು ಹಾಕಿಕೊಂಡ ಆ ಸಂಜೆಯ ನಂತರ ಅವರೊಡನೆ ಆಡಿದ ಮೊದಲ ಮಾತು ಅದು.

"ಸೀಟು ಬಿಟ್ಟುಕೊಟ್ಟ ಮ್ಯಾಲೆ ಆಕಿ ಕಿಟಕಿ ತಗೀಲಿ, ಮುಚ್ಚಲಿ, ನಿದ್ದಿ ಮಾಡ್ಲಿ. ನಿನಗ್ಯಾಕ ಅದು?" ಎಂದರು. ಆಮೇಲೆ ಬೆಂಚಿನಲ್ಲಿ ಪಕ್ಕಕ್ಕೆ ಸರಿದು, "ಕುಂದ್ರು, ನಿಂತ್ರ ಕಾಲಿಗೆ ಬಾವು ಬರತೈತಿ" ಎಂದು ಜಾಗ ಮಾಡಿಕೊಟ್ಟರು. ನಮ್ಮ ಜಗಳ ಅಲ್ಲಿಗೆ ಮುಗಿಯಿತು.

ಕಾಲು ಸರಿಹೋಯಿತು, ರ‍್ಯಾಂಕು ಇಳಿಯಿತು, ಮತ್ತೆ ರಿಸರ್ವ್ ಸಾಲು. ಮುಂದಿನ ವರ್ಷ ಕಠ್ಮಂಡುವಿನ ಪಂದ್ಯಾವಳಿಗೆ ಹೆಸರು ಕೊಟ್ಟಿದ್ದೆ. ಈ ಸಲ ಅರ್ಹತಾ ಸುತ್ತಿನ ಪಟ್ಟಿಯ ತುದಿಯಲ್ಲಿ, ಮೇನ್ ಡ್ರಾಕ್ಕೆ ಒಂದೇ ಒಂದು ಮೆಟ್ಟಿಲು ಕೆಳಗಿದ್ದೆ. ಹೆಸರು ತೆಗೆಯುವ ಕಡೆಯ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಕೂತು ರಾಕೆಟ್ಟಿನ ಹಿಡಿಗೆ ಪಟ್ಟಿ ಸುತ್ತುತ್ತಿದ್ದಾಗ ಫೋನ್ ಬಂತು. ಮೇಲೆ ಯಾರೋ ಒಬ್ಬಳು ಹೆಸರು ವಾಪಸ್ ತೆಗೆದುಕೊಂಡಿದ್ದಾಳೆ, ಆ ಜಾಗ ನಿನಗೆ ಎಂದರು. ಯಾವ ದೇಶದವಳು, ಯಾಕೆ ಬಿಟ್ಟಳು, ಕಾಲು ಹೊರಳಿತೋ, ಮನೆಯಲ್ಲಿ ಮದುವೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳೂ ಒಂದು ಪಾಯಿಂಟ್ ಆಡಿ ಬಿಡಬಹುದಿತ್ತು. ಹಾಗೆ ಮಾಡಲಿಲ್ಲ, ಹೊತ್ತಿಗೆ ಸರಿಯಾಗಿ ಜಾಗ ಖಾಲಿ ಮಾಡಿದಳು. ಅವಳಿಗೆ ಒಳ್ಳೆಯದಾಗಲಿ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೋ.

ಮಾಮನಿಗೆ ಹೇಳಿದೆ. ಅವರು ಕೊರಳಿನ ವಿಸಿಲ್ಲು ತೆಗೆದು ಉಸಿರು ಕಟ್ಟುವವರೆಗೂ ಊದಿದರು. ಕೋರ್ಟಿನಲ್ಲಿ ಆಡುತ್ತಿದ್ದವರು ಪಾಳಿ ಮುಗಿಯಿತೆಂದುಕೊಂಡು ಹೊರಗೆ ಬಂದುಬಿಟ್ಟರು. ಕಠ್ಮಂಡುವಿನಲ್ಲಿ ಒಂದು ಸುತ್ತು ಗೆದ್ದೆ, ಎರಡನೆಯದರಲ್ಲಿ ಸೋತೆ. ಅದಕ್ಕಿಂತ ಮೇಲೆ ನಾನು ಹೋಗಲಿಲ್ಲ. ಹೋಗಲಿಲ್ಲವೆಂದು ಬೇಜಾರೂ ಇಲ್ಲ. ನನಗೆ ಬೇಕಾದದ್ದು ಸಿಕ್ಕಿತ್ತು.

ಈಗ ಶೆಡ್ಡಿನಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಮೊಣಕಾಲು ನೋವು ಜಾಸ್ತಿಯಾದಾಗ ಪಂಪಣ್ಣ ಮಾಮ ಒಂದು ಬೆಳಿಗ್ಗೆ ತಾವೇ ಬಂದು, "ಇವತ್ತಿಂದ ನನ್ನ ಪಾಳಿ ತಗದುಬಿಡವ್ವ, ಕಾಲು ಒಲ್ಲೆ ಅಂತಾವ" ಎಂದಿದ್ದರು. ಹೇಳಿದ್ದು ನಿಜ, ಆದರೆ ಮಾರನೆಯ ದಿನವೂ ಶೂ ಹಾಕಿಕೊಂಡೇ ಬಂದು ಬೆಂಚಿನ ತುದಿಯಲ್ಲಿ, ಬಾಗಿಲ ಗಾಳಿ ಬೀಸುವಲ್ಲಿ ಕೂತರು. ಆಡುವುದಿಲ್ಲವಲ್ಲ, ಶೂ ಯಾಕೆ ಎಂದರೆ, "ಯಾರಾರ ಕೈಕೊಟ್ರ?" ಎಂದು ನನ್ನನ್ನೇ ಕೇಳಿದರು. ಒಂದು ದಿನ ಡಬಲ್ಸಿಗೆ ನಾಲ್ಕನೆಯವರು ಬರಲಿಲ್ಲ. ಮಾಮ ಎದ್ದು ಹೋಗಿ ನೆಟ್ಟಿನ ಹತ್ತಿರ ಕಂಬದಂತೆ ನಿಂತು, ತಾವಾಗಿಯೇ ರಾಕೆಟ್ಟಿಗೆ ಬಂದ ಶಟಲ್ಲುಗಳನ್ನಷ್ಟೇ ತಳ್ಳಿ, ತಿಪ್ಪೇಸ್ವಾಮಿಯ ಜೋಡಿಯನ್ನು ಸೋಲಿಸಿದರು. ಆ ಸುದ್ದಿ ವಾರಗಟ್ಟಲೆ ನಡೆಯಿತು.

ನಾನು ಅವರನ್ನು ಕಡೆಯ ಸಲ ನೋಡಿದ್ದು ಹೋದ ಬೇಸಿಗೆಯ ಒಂದು ಬೆಳಿಗ್ಗೆ. ಯಾವುದೋ ಮಗುವಿನ ಶೂ ದಾರ ಬಿಚ್ಚಿದೆ ಎಂದು ಬೈದು, ತಾವೇ ಬಗ್ಗಿ ಕಟ್ಟಿ, ಏಳಲು ನನ್ನ ಕೈ ಹಿಡಿದುಕೊಂಡರು. ವಿಸಿಲ್ಲು ತೆಗೆದು ನನ್ನ ಕೊರಳಿಗೆ ಹಾಕಿ, "ಇವತ್ತು ನೀನ ಊದವ್ವ, ಉಸಿರು ಸಾಲದು" ಎಂದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಯಾರನ್ನೂ ನೋಯಿಸದ ಸಾವು ಎಂದು ಜನ ಹೇಳಿದರು. ನಮಗೆ ನೋವಾಯಿತು.

ದಿನಕರ್ಮ ಮುಗಿದ ಮೇಲೆ ಶೆಡ್ಡು ತೆರೆದಾಗ, ಬೆಂಚಿನ ತುದಿಯಲ್ಲಿ, ಅವರು ಕೂರುತ್ತಿದ್ದ ಜಾಗದಲ್ಲಿ, ನೀಲಿ ಅಂಚಿನ ಟವಲ್ಲು ಹಾಸಿತ್ತು. ಅವರ ಮನೆಯಿಂದ ಕೇಳಿ ತಂದು ಹಾಸಿದವರು ತಿಪ್ಪೇಸ್ವಾಮಿ. ಮೇಲೆ ಒಂದು ಮೊಳ ಮಲ್ಲಿಗೆ. ಯಾರೂ ಅಲ್ಲಿ ಕೂರಲಿಲ್ಲ. ಹೋಗುವವರು ಬರುವವರು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ನಾನೂ ಮಾಡಿದೆ. ಮಾರನೆಯ ದಿನವೂ ಹಾಗೇ ನಡೆಯಿತು, ಅದರ ಮಾರನೆಯ ದಿನವೂ.

ರಜೆಯ ದಿನಗಳು, ಬೆಂಚು ತುಂಬಿ ತುಳುಕುತ್ತಿತ್ತು. ಕಡ್ಡಿರಾಂಪುರದಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಶೂ ಬಿಗಿದುಕೊಂಡು, ರಾಕೆಟ್ ಎದೆಗೆ ಒತ್ತಿಕೊಂಡು ಟವಲ್ಲಿನ ಪಕ್ಕವೇ ನಿಂತಿದ್ದಳು. ತುಂಬ ಹೊತ್ತಿನಿಂದ ನಿಂತಿದ್ದಳು ಅನಿಸುತ್ತದೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ನನಗೆ ಅಳು ಬಂತು, ನಗುವೂ ಬಂತು. ನಾವೆಲ್ಲ ಸೇರಿ ಯಾರ ಹೆಸರಿನಲ್ಲಿ ಏನು ಮಾಡಿ ಕೂತಿದ್ದೇವೆ.

ಮಲ್ಲಿಗೆಯನ್ನು ಎತ್ತಿ ಕಿಟಕಿಯಲ್ಲಿಟ್ಟೆ. ಟವಲ್ಲನ್ನು ಮಡಿಸಿ ಹೆಗಲಿಗೆ ಹಾಕಿಕೊಂಡೆ. ತಿಪ್ಪೇಸ್ವಾಮಿ ತಡೆಯಲು ಬಂದವರು ಹುಡುಗಿಯ ಕಾಲು ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಕಣ್ಣು ತುಂಬಿತ್ತು.

"ಬಾ ಯವ್ವಾ, ಇಲ್ಲಿ ಕುಂದ್ರು" ಎಂದೆ.

"ಅಲ್ಲಿ ಯಾರೋ ಅದಾರಂತಲ್ರಿ, ಟೀಚರ್?"

"ಇದ್ರು. ಜಾಗ ಬಿಟ್ಟುಕೊಟ್ಟಾರ. ಕುಂದ್ರು."

ಅವಳು ಕೂತಳು. ನಾನು ವಿಸಿಲ್ಲು ಊದಿದೆ.